ಅಜ್ಜಿಹಣೆಯ ಕೆಳಗಿನ ಅಂಚೆ ಪೆಟ್ಟಿಗೆ

ಪಿಲ್‌ನ್ಯೊ ಹುಟ್ಟಿದಾಗ ಅವಳಪ್ಪ ಮಗುವಿನ ಮುಖವನ್ನೂ ನೋಡದೆ ದೋಣಿ ಹತ್ತಿ ಹೋಗಿದ್ದನಂತೆ. ಗಂಡು ಬೇಕೆಂದು ಕಾದಿದ್ದ ಮನೆಗೆ ಮತ್ತೊಂದು ಹೆಣ್ಣು. ಇನ್ನು ಸಾಕು, ಇವಳೇ ಕೊನೆಯವಳಾಗಲಿ ಎಂಬ ಅರ್ಥದ ಹೆಸರನ್ನು ಅಜ್ಜಿಯೇ ಇಟ್ಟಳು. ಕನ್ನಡದಲ್ಲಾದರೆ ಸಾಕಮ್ಮ ಅನ್ನಬೇಕು. ಉಲ್ಲುಂಗ್ ದ್ವೀಪದಲ್ಲಿ ಅಂಥ ಹೆಸರಿನ ಹೆಂಗಸರು ಊರಿಗೊಬ್ಬರಾದರೂ ಇದ್ದರು, ಹಾಗಾಗಿ ಅವಳಿಗೆ ಬೇಜಾರೇನೂ ಇರಲಿಲ್ಲ. "ನಾನು ಹುಟ್ಟಿದ್ಮೇಲೆ ನಮ್ಮಪ್ಪಂಗೆ ನಿಜವಾಗ್ಲೂ ಸಾಕಾಯ್ತು, ಆಮೇಲೆ ಮಕ್ಕಳೇ ಆಗ್ಲಿಲ್ಲ. ನನ್ನ ಹೆಸರು ಅಷ್ಟು ಗಟ್ಟಿ ನೋಡಿ" ಎಂದು ನಗುತ್ತಿದ್ದಳು.

ಅವಳ ಗಂಡ ಚಿಲ್‌ಬೊಂಗ್ ದ್ವೀಪದವನಲ್ಲ. ಕಡಲಾಚೆಯ ನೆಲದಿಂದ, ಕಣವೆ ಎಂಬ ಹತ್ತು ತೋಳಿನ ಮೀನು ಹಿಡಿಯುವ ದೋಣಿಯಲ್ಲಿ ಕೆಲಸ ಮಾಡಲು ಬಂದವನು. ದೋಣಿ ಬಂದರು ಬಿಡುವ ಮೊದಲೇ ವಾಂತಿ ಶುರುವಾಗುತ್ತಿತ್ತು. ಒಂದು ಹಂಗಾಮು ಸಹಿಸಿಕೊಂಡ ದೋಣಿಯವರು ಅವನನ್ನು ಹಿನ್‌ಗುಮಿ ಎಂಬ ಕರಾವಳಿಯ ಹಳ್ಳಿಯಲ್ಲಿ ಇಳಿಸಿ, "ನೀನು ನೆಲದ ಮೇಲೇ ಇರಪ್ಪ" ಎಂದು ಹೇಳಿ ಹೋದರು. ಅಲ್ಲಿನ ಅಂಚೆ ಕಚೇರಿಯಲ್ಲಿ ಬಟವಾಡೆಗೆ ಆಳು ಬೇಕಿತ್ತು. ಸಮುದ್ರಕ್ಕೆ ಹೆದರುವ ಗಂಡಸಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಊರು ಆಡಿಕೊಳ್ಳುತ್ತಿದ್ದಾಗ, ಸಮುದ್ರಕ್ಕೆ ಹೋಗದವನು ಸಮುದ್ರದಲ್ಲಿ ಸಾಯುವುದಿಲ್ಲವಲ್ಲ ಎಂದು ಪಿಲ್‌ನ್ಯೊಳ ತಾಯಿ ಮಗಳನ್ನು ಕೊಟ್ಟಳು. ಅಷ್ಟರಲ್ಲಿ ಆಕೆಯ ಗಂಡನ ದೋಣಿ ಮರಳಿ ಬರದೆ ಎರಡು ವರ್ಷವಾಗಿತ್ತು.

ಚಿಲ್‌ಬೊಂಗ್ ಬಹಳ ವರ್ಷ ಚೀಲ ಹೊತ್ತ. ಅವನ ಪಾಲಿನ ದಾರಿಯಲ್ಲಿ ಕಷ್ಟದ್ದೆಂದರೆ ಸೊತ್‌ಗೊಲ್. ಸುತ್ತ ಬೆಟ್ಟ, ನಡುವೆ ಕಡಾಯಿಯ ತಳದಂತೆ ಒಂದಿಷ್ಟು ಸಮತಟ್ಟು ನೆಲ, ಅಲ್ಲಿ ಹತ್ತಾರು ಮನೆ. ಆಲೂಗಡ್ಡೆ, ಜೋಳ, ಔಷಧಿ ಬೇರು ಬೆಳೆಯುವ ಜನ. ಹಿಮ ಬಿದ್ದರೆ ಸೂರಿನವರೆಗೆ ಬೀಳುವ ಜಾಗ ಅದು. ಮನೆಯ ಸುತ್ತ ಜೊಂಡಿನ ಇನ್ನೊಂದು ಗೋಡೆ ಕಟ್ಟಿಕೊಂಡು, ಎರಡು ಗೋಡೆಗಳ ನಡುವಿನ ಓಣಿಯಲ್ಲೇ ಅವರ ಚಳಿಗಾಲ ಕಳೆಯುತ್ತಿತ್ತು. ಒಂದು ವರ್ಷ ಅಲ್ಲಿಂದ ಇಳಿಯುವಾಗ ಚಿಲ್‌ಬೊಂಗನ ಬಲಗಾಲು ಹೆಪ್ಪುಗಟ್ಟಿದ ತೊರೆಯೊಳಗೆ ಸಿಕ್ಕಿಕೊಂಡಿತು. ಬೆರಳುಗಳು ಕಪ್ಪಾದವು, ಆಮೇಲೆ ಹೋದವು. ಅವನ ಕಾಲು ಸರಿಹೋಗುವವರೆಗೆ ಎಂದು ಪಿಲ್‌ನ್ಯೊ ಚೀಲ ಎತ್ತಿಕೊಂಡಳು. ಕಾಲು ಸರಿಹೋಗಲಿಲ್ಲ, ಚೀಲ ಇಳಿಯಲಿಲ್ಲ.

ಮಕ್ಕಳಿಲ್ಲದ ಮನೆ. ಅವಳು ಬೆಟ್ಟ ಹತ್ತುತ್ತಿದ್ದಳು, ಅವನು ಮನೆಯಲ್ಲಿ ಒಲೆ ನೋಡಿಕೊಂಡು, ಬಳುಕುವ ಕಾಡುಕೊಂಬೆ ಬಗ್ಗಿಸಿ ಅವಳಿಗೆ ಹಿಮದ ಮೆಟ್ಟು ಹೆಣೆಯುತ್ತಿದ್ದ. ಬೂಟಿನ ಕೆಳಗೆ ಆ ಅಗಲವಾದ ಮೆಟ್ಟು ಕಟ್ಟಿಕೊಂಡರೆ ಕಾಲು ಹಿಮದಲ್ಲಿ ಹೂತುಹೋಗುವುದಿಲ್ಲ. ದಾರ ಮಾತ್ರ ಅವನೇ ಬಿಗಿಯಬೇಕು. "ನಿಂಗೆ ಗಂಟು ಹಾಕೋಕೆ ಬರಲ್ಲ" ಎನ್ನುತ್ತಿದ್ದ. "ನಿಮ್ಮನ್ನ ಕಟ್ಕೊಂಡಿದೀನಲ್ಲ, ಆ ಗಂಟು ಬಿಚ್ಚಿತಾ?" ಎನ್ನುತ್ತಿದ್ದಳು ಅವಳು.

ಚಳಿಗಾಲದಲ್ಲಿ ಸೊತ್‌ಗೊಲ್‌ನವರೆಗೂ ಹತ್ತುವುದು ಬೇಡವೆಂದು ಹಿಂದಿನ ಅಂಚೆ ಮಾಸ್ತರರು ಒಂದು ಏರ್ಪಾಟು ಮಾಡಿದ್ದರು. ಅರ್ಧ ದಾರಿಯಲ್ಲಿ, ಗಾಳಿ ತಾಕದ ಒಂದು ತಗ್ಗಿನಲ್ಲಿ, ಕಲ್ಲಿನ ಕಟ್ಟೆಯ ಮೇಲೆ ತಗಡಿನ ದೊಡ್ಡ ಪೆಟ್ಟಿಗೆ. ಪಿಲ್‌ನ್ಯೊ ಕೆಳಗಿನಿಂದ ಬಂದು ಕಾಗದಗಳನ್ನು ಅದರಲ್ಲಿಟ್ಟು ಇಳಿಯುವಳು. ಮೇಲಿನಿಂದ ಯಾರಾದರೂ ಬಂದು ಒಯ್ಯುವರು. ಒಳ್ಳೆಯ ಜಾಗವೇ ಅದು. ಬಿಸಿಲಿದ್ದರೆ ಕೂತು ಜೋಳದ ರೊಟ್ಟಿ ತಿನ್ನಬಹುದಿತ್ತು. ತಗ್ಗಿನ ನೆತ್ತಿಯ ಮೇಲೆ ಒಂದು ಇಳಿಜಾರು, ಮೇಲ್ಗಡೆ ಸುಕ್ಕುಸುಕ್ಕಾದ ಬಂಡೆ. ಅದಕ್ಕೆ ಜನ ಅಜ್ಜಿಹಣೆ ಎಂದು ಹೆಸರಿಟ್ಟಿದ್ದರು.

ಆ ಇಳಿಜಾರಿನಲ್ಲಿ ಮೊದಲು ಕಾಡಿತ್ತು. ಔಷಧಿ ಬೇರಿಗೆ ಒಳ್ಳೆಯ ಬೆಲೆ ಬಂದ ಮೇಲೆ ಸೊತ್‌ಗೊಲ್‌ನವರು ಮರಗಳನ್ನು ಕಡಿದು ಪಾತಿ ಮಾಡಿದರು. ಬೋಳಾದ ಮೇಲಿನ ಮೊದಲ ಚಳಿಗಾಲ ಹಿಮವೇ ಸರಿಯಾಗಿ ಬೀಳಲಿಲ್ಲ. ಎರಡನೆಯ ಚಳಿಗಾಲದ ಕಥೆ ಇದು.

ಆ ವರ್ಷ ಕಡಲು ಬಹಳ ಮೊದಲೇ ಕೆರಳಿತು. ಅಂಚೆ ತರುವ ಹಡಗು ಕಡಲಾಚೆಯ ಬಂದರಿನಲ್ಲೇ ನಿಂತುಹೋಯಿತು. ಈವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಜನ ಕಚೇರಿಗೆ ಬಂದು ಹೋಗುತ್ತಿದ್ದರು. ಸೇನೆಯಲ್ಲಿರುವ ಮಗನ ಕಾಗದ, ಪಟ್ಟಣದ ಮನೆಗೆಲಸಕ್ಕೆ ಹೋದ ಮಗಳ ಕಾಗದ, ಹೊಸ ವರ್ಷದ ಕ್ಯಾಲೆಂಡರು, ಒಬ್ಬೊಬ್ಬರದು ಒಂದೊಂದು. ಈ ನಡುವೆ ಹಿಮ ಸುರಿದು ಮೊಣಕಾಲು ದಾಟಿತು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಸೆಖೆ ಅನ್ನಿಸುವಂಥ ಗಾಳಿ ಬೀಸಿ ಮಳೆ ಬಂತು. ನಡು ಚಳಿಗಾಲದ ಮಳೆ. ಮುದುಕರು ಬಾಗಿಲಿಗೆ ಬಂದು ಆಕಾಶ ನೋಡಿದರು. ಮರುದಿನ ಎಲ್ಲವೂ ಹೆಪ್ಪುಗಟ್ಟಿ ಬೆಟ್ಟಕ್ಕೆ ಬೆಟ್ಟವೇ ಗಾಜು ಹಾಕಿಸಿಕೊಂಡಂತೆ ಹೊಳೆಯಿತು. ಅದರ ಮೇಲೆ ಮತ್ತೆ ಹಿಮ ಸುರಿಯತೊಡಗಿತು. ಈ ಸಲದ ಹಿಮ ಒಣ ಹಿಟ್ಟಿನಂತಿತ್ತು, ಒಂದಕ್ಕೊಂದು ಅಂಟುತ್ತಿರಲಿಲ್ಲ. ಸೊತ್‌ಗೊಲ್‌ಗೆ ಹೋಗುವ ಫೋನಿನ ತಂತಿ ಭಾರಕ್ಕೆ ತುಂಡಾಯಿತು.

ಹಡಗು ಬಂದದ್ದು ಆಗ. ಚೀಲಗಳು ಕಚೇರಿಯ ಗೋಡೆಯುದ್ದಕ್ಕೂ ಪೇರಿಸಿಕೊಂಡವು. ವಿಂಗಡಿಸಿ ಮುಗಿಸುವಷ್ಟರಲ್ಲಿ ಪ್ಯೋ ಮಾಸ್ತರರ ಬೆರಳು ಮರಗಟ್ಟಿದ್ದವು. ಮಾಸ್ತರರು ಕೆಟ್ಟವರಲ್ಲ, ಕಡಲಾಚೆಯಿಂದ ಆ ವರ್ಷವಷ್ಟೇ ಬಂದವರು.

"ಪಿಲ್‌ನ್ಯೊ ಅಕ್ಕ, ಸೊತ್‌ಗೊಲ್‌ದು ಇಷ್ಟೊಂದಿದೆ. ಇವತ್ತು ಪೆಟ್ಟಿಗೆ ತನಕ ಮುಟ್ಟಿಸಿಬಿಟ್ರೆ ನಂಗೂ ನೆಮ್ಮದಿ."

ಅವಳು ಹೊರಟಳು. ಗಾಳಿ ಇರಲಿಲ್ಲ. ಕಾಗೆಗಳು ಊರೊಳಗಿನ ಕಣವೆ ಒಣಗಿಸುವ ಕಂಬಗಳ ಮೇಲೆ ಒತ್ತೊತ್ತಾಗಿ ಕೂತಿದ್ದವು, ಬೆಟ್ಟದ ಕಡೆ ಒಂದೂ ಇರಲಿಲ್ಲ. ಅಜ್ಜಿಹಣೆಯ ತಗ್ಗು ಕಾಣುವ ತಿರುವಿಗೆ ಬಂದಾಗ ಅವಳ ಹೆಜ್ಜೆಯ ಕೆಳಗೆ ಏನೋ ಕುಸಿಯಿತು. ಕಾಲು ಹೂತುಹೋಗಲಿಲ್ಲ. ಅವಳು ನಿಂತಿದ್ದ ಇಡೀ ಜಾಗವೇ ಒಮ್ಮೆ ಉಸಿರು ಬಿಟ್ಟಂತೆ ಒಂದಿಷ್ಟು ಕೆಳಗಿಳಿಯಿತು, ಜೊತೆಗೆ ಒಂದು ಸದ್ದು. ಹಾಸಿಗೆಯ ಮೇಲೆ ಯಾರೋ ದೊಪ್ಪನೆ ಬಿದ್ದ ಹಾಗೆ. ಆ ಸದ್ದು ಅಲ್ಲೇ ನಿಲ್ಲದೆ ಹಿಮದ ಒಳಗೊಳಗೇ ಇಳಿಜಾರಿನ ಕಡೆ ಓಡಿತು.

ಪಿಲ್‌ನ್ಯೊ ಕಲ್ಲಾದಳು. ತಲೆಯೆತ್ತಿ ನೋಡಿದರೆ ಬಂಡೆಯ ಕೆಳಗೆ, ಬಿಳಿಯ ಮೇಲೆ, ಕುಡುಗೋಲಿನಿಂದ ಗೀಚಿದಂತೆ ಒಂದು ಗೆರೆ, ಕಳಚಲು ಕಾದಿರುವ ಹಿಮದ ಬಿರುಕು. ನಿನ್ನೆಯೂ ಇತ್ತೋ, ಈಗ ಬಂದದ್ದೋ ತಿಳಿಯಲಿಲ್ಲ. ತಾನು ಬಂದ ಹೆಜ್ಜೆಗಳಲ್ಲೇ ಒಂದೊಂದಾಗಿ ಹಿಂದಕ್ಕೆ ಕಾಲಿಟ್ಟು, ತಿರುವು ದಾಟಿದ ಮೇಲೆ ಬೆವರಿನಲ್ಲಿ ತೊಯ್ದು ಊರಿಗೆ ಬಂದಳು.

ತುಂಬಿದ ಚೀಲ ವಾಪಸು ಬಂದದ್ದನ್ನು ನೋಡಿ ಮಾಸ್ತರರ ಮುಖ ಸಣ್ಣದಾಯಿತು. "ಹಿಮ ಅಂದ್ರೆ ಬೀಳುತ್ತೆ ಅಕ್ಕ. ಹೀಗೆ ಪ್ರತಿ ಸಲ ವಾಪಸ್ ಬಂದ್ರೆ..."

"ಪ್ರತಿ ಸಲ ಎಲ್ಲಿ ಬಂದಿದೀನಿ? ಹೇಳಿ."

ನಿಜಕ್ಕೂ ಅವಳು ಹಾಗೆ ಬಂದದ್ದೇ ಇರಲಿಲ್ಲ.

ಅಂಗಡಿಯ ಒಲೆಯ ಸುತ್ತ ಕೂತ ದೋಣಿಯವರಿಗೆ ಅದು ಸಾಕಾಯಿತು. ಅವಳು ಸೀಮೆಎಣ್ಣೆ ತರಲು ಹೋದಾಗ ಒಬ್ಬ ಕೇಳಿಯೇಬಿಟ್ಟ: "ಏನಕ್ಕ, ಗಂಡ ಸಮುದ್ರಕ್ಕೆ ಹೆದರಿದ, ಹೆಂಡ್ತಿ ಬೆಟ್ಟಕ್ಕೆ ಹೆದರಿದ್ಲು. ಇನ್ನು ನೀವಿಬ್ರೂ ವಾಸ ಮಾಡೋದೆಲ್ಲಿ, ಆಕಾಶದಲ್ಲಾ?"

"ಮಾಡ್ತೀವಿ. ಅಲ್ಲಿ ನಿಮ್ಮಂಥ ಬಾಯಿ ಇರಲ್ಲ" ಎಂದು ಬಾಟಲಿ ಎತ್ತಿಕೊಂಡು ಬಂದಳು. ಎಲ್ಲರೂ ನಕ್ಕರು. ದಾರಿಯಲ್ಲಿ ಅವಳಿಗೆ ನಗು ಬರಲಿಲ್ಲ.

ಹಿಮ ಬೀಳುತ್ತಲೇ ಇತ್ತು. ಚೀಲ ಕಚೇರಿಯ ಮೂಲೆಯಲ್ಲಿ ಕೂತಿತು. ಒಂದು ಬೆಳಿಗ್ಗೆ ಗಂಡನಿಗೆ ಆಲೂಗಡ್ಡೆ ಗಂಜಿ ಬಡಿಸುತ್ತಿದ್ದವಳ ಕೈ ಅರ್ಧಕ್ಕೇ ನಿಂತಿತು.

"ದಲ್ಲೆ" ಅಂದಳು.

"ಯಾವ ದಲ್ಲೆ?"

"ಸೊತ್‌ಗೊಲ್‌ನ ಮೋ ಅಜ್ಜನ ಸೊಸೆ. ಬಸುರಿ. ಅವಳ ಗಂಡ ಅರಬರ ದೇಶದಲ್ಲಿ ರಸ್ತೆ ಮಾಡೋಕೆ ಹೋಗಿಲ್ವಾ? ಅವನ ಕಾಗದ ಬರುತ್ತೆ ಅಂತ ದಿನಾ ಪೆಟ್ಟಿಗೆ ನೋಡೋಕೆ ಇಳೀತಾಳೆ ಕಣ್ರೀ. ನಾನು ಹೋಗಿದ್ರೆ ಕಾಗದ ತಗೊಂಡು ಮನೇಲಿ ಇರ್ತಿದ್ಲು. ನಾನು ಹೋಗ್ಲಿಲ್ಲ, ಅದಕ್ಕೇ ಅವಳು ದಿನಾ ಬರ್ತಾಳೆ. ಆ ಗೆರೆ ಕೆಳಗೇ ಬಂದು ಕೂರ್ತಾಳೆ."

ಚಿಲ್‌ಬೊಂಗ್ ಚಮಚ ಕೆಳಗಿಟ್ಟ. ಇಬ್ಬರಿಗೂ ಮುಂದಿನ ಮಾತು ಗೊತ್ತಿತ್ತು. ಫೋನಿಲ್ಲ. ಅಂಚೆ ಹೋಗದಿದ್ದರೆ ನಡೆದೀತು, ಪೆಟ್ಟಿಗೆಯ ಹತ್ತಿರ ಬರಬೇಡಿ ಎಂಬ ಮಾತು ಹೋಗಲೇಬೇಕು.

"ಗಾಳಿಬೆನ್ನಿನ ಮೇಲೆ ಹೋಗ್ತೀನಿ" ಎಂದಳು. ಅದು ಬೆಟ್ಟದ ಏಣಿನ ಉದ್ದಕ್ಕೂ ಹೋಗುವ ಹಳೆಯ ದಾರಿ. ಬಹಳ ಸುತ್ತು. ಒಂದು ಕಡೆ ಕಡಲಿಗೆ ಕಡಿದ ಪ್ರಪಾತ. ಆದರೆ ತಲೆಯ ಮೇಲೆ ಏನೂ ಇಲ್ಲ, ಜಾರಿ ಬೀಳುವಷ್ಟು ಹಿಮ ಅಲ್ಲಿ ಕೂರುವುದಿಲ್ಲ.

"ನನ್ ಕಾಲಿದ್ದಿದ್ರೆ ನಾನೇ ಹೋಗ್ತಿದ್ದೆ."

"ನಿಮ್ ಕಾಲಿದ್ದಾಗ್ಲೂ ನೀವು ಆಮೆ ಥರಾನೇ ಹೋಗ್ತಿದ್ದಿದ್ದು. ಮೆಟ್ಟು ಕಟ್ಟಿ ಈಗ."

ಅವನು ಬಗ್ಗಿ ಕೂತು ದಾರ ಬಿಗಿದ. ಎದ್ದವನು ಬಾಗಿಲಿಗೆ ಅಡ್ಡ ನಿಂತ. "ಮೇಲೆ ಮಂಜು ಮುಚ್ಕೊಂಡ್ರೆ ವಾಪಸ್ ಬಂದ್ಬಿಡು. ಮಂಜಿದೆ ಅಂತ ಕೆಳದಾರಿಗೆ ಮಾತ್ರ ಇಳೀಬೇಡ. ಮಾತು ಕೊಡು."

"ಕೊಟ್ಟೆ."

"ನಿನ್ ಮಾತು ನಂಗೊತ್ತಿಲ್ವಾ? ಹಿಡಿದದ್ದು ಬಿಡೋ ಪೈಕಿನಾ ನೀನು?"

ಕಚೇರಿಗೆ ಹೋಗಿ ಅವಳು ಚೀಲದಿಂದ ಹಗುರವಾದ ಕಾಗದಗಳನ್ನಷ್ಟೇ ಆರಿಸಿಕೊಂಡು ಎದೆಯೊಳಗೆ ಸಿಕ್ಕಿಸಿದಳು. ಎಲ್ಲಿಗೆ, ಯಾವ ದಾರಿ ಎಂದು ಮಾಸ್ತರರಿಗೆ ಹೇಳಿದಳು. ಅವರು ಈ ಸಲ ಹೋಗಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಏಣಿನ ಮೇಲೆ ಗಾಳಿ ಹಗ್ಗ ಹಾಕಿ ಎಳೆಯುತ್ತಿತ್ತು. ಹಲವು ಕಡೆ ಅವಳು ಕೈಕಾಲೂರಿ ತೆವಳಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಜು ಬಂದು ಮುಚ್ಚಿಕೊಂಡಿತು. ವಾಪಸು ಹೋಗಲು ಹಿಂದಿನ ದಾರಿಯೂ ಕಾಣದು, ಮುಂದಿನದೂ ಕಾಣದು. ಹಾಗಾದ ಮೇಲೆ ಮುಂದೆ ಹೋಗುವುದೇ ಸರಿ ಎಂದುಕೊಂಡಳು. ಎಡಕ್ಕೆ ಅಲೆಗಳು ಬಂಡೆಗೆ ಬಡಿಯುವ ಸದ್ದು ಕೇಳುವವರೆಗೆ ತಾನು ಏಣಿನ ಮೇಲಿದ್ದೇನೆ ಎಂಬುದೊಂದೇ ಧೈರ್ಯ. ಕೊನೆಗೆ ಆ ಸದ್ದು ಹಿಂದಾಯಿತು, ನೆಲ ಇಳಿಯತೊಡಗಿತು, ಮಂಜಿನ ಕೆಳಗೆ ಸೊತ್‌ಗೊಲ್‌ನ ಹೊಗೆ ಕಂಡಿತು.

ಮೋ ಅಜ್ಜ ಜೊಂಡಿನ ಗೋಡೆಯ ಹೊರಗೆ ಹಿಮ ಗೋರುತ್ತಿದ್ದ. ಅವಳನ್ನು ನೋಡಿ ಸಲಿಕೆಯನ್ನೇ ಬಿಟ್ಟ. "ಯಾರಿದು, ಪಿಲ್‌ನ್ಯೊನಾ ದೆವ್ವನಾ? ಈ ಕಡೆಯಿಂದ ಹೇಗೆ ಬಂದೆ?"

"ದಲ್ಲೆ ಎಲ್ಲಿ ಅಜ್ಜ?"

"ಇನ್ನೆಲ್ಲಿ? ಪೆಟ್ಟಿಗೆ ನೋಡ್ಕೊಂಡು ಬರ್ತೀನಿ ಅಂತ ಈಗಷ್ಟೇ ಹೋದ್ಲು. ಬೇಡ ಅಂದ್ರೆ ಕೇಳಲ್ಲ. ಹೊಟ್ಟೆ ಎತ್ಕೊಂಡು ಬಾತುಕೋಳಿ ಥರ ಹೋಗ್ತಾಳೆ..." ಅವಳ ಮುಖ ನೋಡಿ ಅಜ್ಜನ ಮಾತು ನಿಂತಿತು. "ಏನಾಯ್ತು?"

ಪಿಲ್‌ನ್ಯೊ ಆಗಲೇ ಇಳಿಯುತ್ತಿದ್ದಳು. ಗಂಡನಿಗೆ ಕೊಟ್ಟ ಮಾತು ನೆನಪಿಗೆ ಬಂದಿತ್ತು. ಮಂಜಿದೆ ಅಂತ ಇಳಿಯುವುದಿಲ್ಲ ಎಂದದ್ದು, ದಲ್ಲೆಗಾಗಿ ಇಳಿಯುವುದಿಲ್ಲ ಎಂದು ಹೇಳಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತಗ್ಗಿನ ಅಂಚಿನಲ್ಲಿ ಒಂದು ಪೈನ್ ಮರ ಉಳಿದಿತ್ತು. ಅದನ್ನು ಹಿಡಿದು ನಿಂತು ನೋಡಿದರೆ, ಕೆಳಗೆ ಪೆಟ್ಟಿಗೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ದಲ್ಲೆ ಕೂತಿದ್ದಳು. ತಲೆಗೆ ಉಣ್ಣೆಯ ಶಾಲು ಸುತ್ತಿ, ಕೈಗಳನ್ನು ಕಂಕುಳಲ್ಲಿಟ್ಟುಕೊಂಡು, ಊರಿನಿಂದ ಬರುವ ದಾರಿಯನ್ನೇ ನೋಡುತ್ತಿದ್ದಳು. ಅವಳ ನೆತ್ತಿಯ ಮೇಲೆ ಅಜ್ಜಿಹಣೆ. ಗೆರೆ ಈಗ ಗೆರೆಯಾಗಿರಲಿಲ್ಲ. ಬಾಯಿ ತೆರೆದಿತ್ತು, ಒಳಗೆ ನೀಲಿ ಕಾಣುತ್ತಿತ್ತು.

ಕೂಗುವಂತಿಲ್ಲ. ಕೂಗಿದರೆ ಹಿಮ ಕಳಚುತ್ತದೆ ಎಂಬುದು ದ್ವೀಪದ ಮಕ್ಕಳೂ ನಂಬಿದ ಮಾತು. ಹಿಂದೆಯೇ ಬಂದ ಮೋ ಅಜ್ಜ ಬಾಯಿ ತೆರೆದಾಗ ಪಿಲ್‌ನ್ಯೊ ತನ್ನ ಕೈಗವಸಿನಿಂದ ಅವನ ಬಾಯಿ ಮುಚ್ಚಿದಳು. ಶಾಲು ಬಿಚ್ಚಿ ಬೀಸಿದಳು. ದಲ್ಲೆ ತಿರುಗಲಿಲ್ಲ. ಮೇಲಿನಿಂದ ಅಂಚೆ ಬರುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ಇಲ್ಲೇ ಇರಿ ಅಜ್ಜ. ಏನೇ ಆದ್ರೂ ಬರ್ಬೇಡಿ" ಎಂದು ಪಿಸುಗುಟ್ಟಿ ಅವಳು ಹೊರಟಳು. ದಿನವೂ ನಡೆದು ಗಟ್ಟಿಯಾಗಿದ್ದ ದಲ್ಲೆಯ ಹೆಜ್ಜೆಗಳಲ್ಲೇ ಕಾಲಿಟ್ಟಳು. ಎಲ್ಲೋ ಒಳಗೆ ಹಿಮ ನುರಿಯುವ ಸಣ್ಣ ಸದ್ದಾಗುತ್ತಿತ್ತು, ಇಲಿ ಧಾನ್ಯದ ಚೀಲ ಕಡಿಯುವ ಹಾಗೆ. ಅವಳು ಮೇಲೆ ನೋಡಲಿಲ್ಲ. ನೋಡಿದರೆ ಕಾಲು ನಿಂತುಬಿಡುತ್ತದೆ ಎಂದು ಗೊತ್ತಿತ್ತು.

ಭುಜ ಮುಟ್ಟಿದಾಗ ದಲ್ಲೆ ಬೆಚ್ಚಿದಳು, ಆಮೇಲೆ ಮುಖವೆಲ್ಲ ಅರಳಿತು. "ಅಯ್ಯೋ ಅಕ್ಕ! ಕಾಗದ ಬಂತಾ?"

"ಬಂದಿದೆ. ಎದ್ದೇಳು. ಮಾತಾಡ್ಬೇಡ."

"ಎಷ್ಟು ಬಂದಿದೆ? ಒಂದಾ, ಎರಡಾ?"

"ದಲ್ಲೆ, ನಿನ್ ಕಾಲಿಗೆ ಬೀಳ್ತೀನಿ ಕಣೆ, ಬಾಯಿ ಮುಚ್ಕೊ. ಮೇಲೆ ನೋಡ್ಬೇಡ. ಆ ಪೈನ್ ಮರ ಕಾಣುತ್ತಲ್ಲ, ನಿಮ್ ಮಾವ ನಿಂತಿದಾರೆ. ನೀನು ಮುಂಚೆ ಹೋಗು, ನಿನ್ ಹೆಜ್ಜೆ ಮೇಲೇ ಹೋಗು. ನೀನು ಮರ ಮುಟ್ಟಿದ್ಮೇಲೆ ನಾನು ಬರ್ತೀನಿ."

ದಲ್ಲೆಗೆ ಆಗ ಅರ್ಥವಾಯಿತು. ತುಟಿ ಬಿಳಚಿಕೊಂಡಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊರಟಳು. ಅವಳು ಆ ಮರದವರೆಗೆ ಹೋದ ಹೊತ್ತು ಪಿಲ್‌ನ್ಯೊಗೆ ತನ್ನ ಇಡೀ ಆಯುಷ್ಯದಷ್ಟು ಉದ್ದ ಅನ್ನಿಸಿತು. ಒಬ್ಬಳೇ ಆ ಪೆಟ್ಟಿಗೆಯ ಪಕ್ಕ ನಿಂತು, ಅದರ ಬಾಗಿಲಿಗೆ ಇದ್ದ ಕೊಂಡಿಯನ್ನು ಸುಮ್ಮನೆ ಹಿಡಿದುಕೊಂಡಿದ್ದಳು. ಮೋ ಅಜ್ಜನ ಕೈ ಸೊಸೆಯ ತೋಳು ಹಿಡಿದದ್ದು ಕಂಡ ಮೇಲೆ ತಾನು ಹೆಜ್ಜೆ ಕಿತ್ತಿಟ್ಟಳು. ಏನೂ ಆಗಲಿಲ್ಲ.

ಸೊತ್‌ಗೊಲ್‌ನ ಜನ ಮೋ ಅಜ್ಜನ ಮನೆಯಲ್ಲಿ ತುಂಬಿಕೊಂಡರು. ಒಲೆಯ ಶಾಖ ಅಡಿಯಲ್ಲಿ ಹಾಯ್ದು ಬೆಚ್ಚಗಾದ ನೆಲದ ಮೇಲೆ ಪಿಲ್‌ನ್ಯೊಳನ್ನು ಕೂರಿಸಿ, ಹಿಮದ ಅಡಿಯಿಂದ ಕಿತ್ತು ಉಪ್ಪು ಹಾಕಿಟ್ಟ ಕಾಡುಬೆಳ್ಳುಳ್ಳಿಯ ಸೊಪ್ಪು, ಜೋಳದನ್ನ ಇಟ್ಟರು. ಪೆಟ್ಟಿಗೆಯ ಹತ್ತಿರ ಯಾರೂ ಸುಳಿಯಬಾರದು ಎಂದು ಅವಳು ಒಂದೊಂದು ಮನೆಯವರಿಂದಲೂ ಒಪ್ಪಿಗೆ ತೆಗೆದುಕೊಂಡಳು. ದಲ್ಲೆ ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದಳು. ಅವಳ ಗಂಡ ಬರೆದಿದ್ದ: ಇಲ್ಲಿ ಸೆಖೆ ತಡೆಯಲಾಗುವುದಿಲ್ಲ, ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ, ನಮ್ಮೂರಿನ ಹಿಮದ ಮೇಲೆ ಒಂದು ಸಲ ಬಿದ್ದು ಹೊರಳಬೇಕು ಅನ್ನಿಸುತ್ತದೆ.

"ಬಾ ಮಗನೆ, ಬೇಕಾದಷ್ಟಿದೆ" ಎಂದ ಮೋ ಅಜ್ಜ. ಮನೆ ನಗೆಯಿಂದ ತುಂಬಿತು.

ಆ ಸಂಜೆಯಿಂದ ಮತ್ತೆ ಹಿಮ ಸುರಿಯಿತು. ಗಾಳಿಬೆನ್ನು ಸಂಪೂರ್ಣ ಮುಚ್ಚಿಹೋಯಿತು. ಮರುದಿನವೂ ಹಾಗೇ. ಪಿಲ್‌ನ್ಯೊ ಬಾಗಿಲಿಗೂ ಒಲೆಗೂ ಓಡಾಡಿದಳು. "ನಮ್ಮೋರು ಕಾಯ್ತಿರ್ತಾರೆ" ಎಂದಾಗಲೆಲ್ಲ, "ಇಷ್ಟು ವರ್ಷ ನಿನ್ನೇ ನೋಡಿದಾರಲ್ಲ, ಇನ್ನೊಂದು ದಿನ ಬಿಡುವಾಗಿರ್ಲಿ ಬಿಡು" ಎಂದು ಹೆಂಗಸರು ತಮಾಷೆ ಮಾಡಿದರು.

ಅದರ ಮಾರನೆಯ ದಿನ ಮಧ್ಯಾಹ್ನ, ಹಿಮ ತುಸು ಕಡಿಮೆಯಾಗಿದ್ದಾಗ, ಆ ಸದ್ದು ಬಂತು. ದೊಡ್ಡ ಸದ್ದೇನಲ್ಲ. ದೂರದಲ್ಲಿ ಭಾರದ ಲಾರಿಯೊಂದು ಹಾದುಹೋದಂತೆ, ಆದರೆ ಮುಗಿಯದಂತೆ. ಕಪಾಟಿನ ಬಟ್ಟಲುಗಳು ಕಿಣಿಗುಟ್ಟಿದವು. ಆಮೇಲೆ ಎಲ್ಲ ನಿಂತಿತು. ಯಾರೂ ಏನೆಂದು ಕೇಳಬೇಕಾಗಿರಲಿಲ್ಲ. ದಲ್ಲೆ ಎದ್ದು ಬಂದು ಪಿಲ್‌ನ್ಯೊಳ ಕೈ ಹಿಡಿದು, ಹಣೆಗೊತ್ತಿಕೊಂಡು ಅತ್ತಳು.

"ಅಳ್ಬೇಡ್ವೆ. ಹೋದ್ರೆ ತಗಡಿನ ಪೆಟ್ಟಿಗೆ ಹೋಯ್ತು" ಎಂದಳು ಪಿಲ್‌ನ್ಯೊ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಆ ದಿನ ಅವಳು ಹೊಟ್ಟೆ ತುಂಬಾ ಉಂಡಳು, ಚೆನ್ನಾಗಿ ನಿದ್ದೆ ಮಾಡಿದಳು. ಮುಂದೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳಲಾಗದೆ ಹೋದದ್ದು ಆ ಊಟವನ್ನು, ಆ ನಿದ್ದೆಯನ್ನು.

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಮೋ ಅಜ್ಜ ಏಣಿನ ತುದಿಯವರೆಗೆ ಬಂದು ಕಳಿಸಿದ. ಅಲ್ಲಿಂದ ಅಜ್ಜಿಹಣೆ ಕಾಣುತ್ತಿತ್ತು. ಇಳಿಜಾರಿನ ಮೈ ಸುಲಿದಂತೆ ಮಣ್ಣು ಕಂಡಿತ್ತು, ತಗ್ಗು ತುಂಬಿ ಸಮವಾಗಿತ್ತು. ಪೆಟ್ಟಿಗೆಯಿದ್ದ ಜಾಗ ಯಾವುದೆಂದು ಹೇಳುವಂತಿರಲಿಲ್ಲ. "ನೋಡು, ನಮ್ಮ ಹುಡುಗಿ ಅಲ್ಲಿರ್ತಿದ್ಲು" ಎಂದು ಅಜ್ಜ ಬಹಳ ಹೊತ್ತು ಟೋಪಿ ತೆಗೆದು ನಿಂತ. ಪಿಲ್‌ನ್ಯೊ ಬೇಗ ಬೇಗ ಇಳಿದಳು. ಗಂಡನಿಗೆ ಹೇಳಲು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು. ಕೊಟ್ಟ ಮಾತು ತಪ್ಪಿದ್ದನ್ನು ಹೇಳಬೇಕೋ ಬೇಡವೋ, ಹೇಳಿದರೆ ಎಷ್ಟು ಬಯ್ಯುತ್ತಾನೋ.

ಮನೆಯ ಚಿಮಣಿಯಲ್ಲಿ ಹೊಗೆ ಇರಲಿಲ್ಲ.

ಬಾಗಿಲು ಸರಿಸಿದರೆ ನೆಲ ತಣ್ಣಗಿತ್ತು. ಗಂಜಿಯ ಪಾತ್ರೆಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಅವನು ಹೊಸದಾಗಿ ಹೆಣೆಯುತ್ತಿದ್ದ ಮೆಟ್ಟಿನ ಜೋಡಿ ಗೋಡೆಯ ಮೇಲಿರಲಿಲ್ಲ. ಅವಳು ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯಾಕೆ ಓಡಿಬಂದಳು. ಪಿಲ್‌ನ್ಯೊಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದಳು.

"ನೀನೊಬ್ಳೇನಾ? ನಿನ್ ಗಂಡ ಸಿಗ್ಲಿಲ್ವಾ?"

"ಎಲ್ಲಿ ಸಿಗ್ಬೇಕಿತ್ತು?"

ಆಕೆ ನಡೆದದ್ದನ್ನು ಹೇಳಿದಳು. ಎರಡು ದಿನ ಚಿಲ್‌ಬೊಂಗ್ ಅಂಗಳದಲ್ಲಿ ನಿಂತು ಗಾಳಿಬೆನ್ನಿನ ಕಡೆ ನೋಡುತ್ತಲೇ ಇದ್ದನಂತೆ. ಅದು ಮಂಜಿನಿಂದ ಹೊರಗೆ ಬರಲೇ ಇಲ್ಲ. 'ಇಂಥದ್ರಲ್ಲಿ ಮೇಲೆ ಹೋಗಿರಲ್ಲ ಅವಳು. ವಾಪಸ್ಸೂ ಬಂದಿಲ್ಲ. ಕೆಳದಾರಿಗೇ ಇಳಿದಿದಾಳೆ, ನಂಗೊತ್ತು ಅವಳ ಹಟ' ಎಂದನಂತೆ. ಊಟ ಮಾಡಿ ಹೋಗು ಅಂದರೂ ಕೇಳದೆ, ನಿನ್ನೆ ಬೆಳಿಗ್ಗೆ ಸಲಿಕೆಯನ್ನು ಊರುಗೋಲು ಮಾಡಿಕೊಂಡು ಹೊರಟನಂತೆ. ದಂಡೆಯಲ್ಲಿ ದೋಣಿಯ ಹಿಮ ಗೋರುತ್ತಿದ್ದವರು ಅವನು ಕುಂಟುತ್ತಾ ಅಜ್ಜಿಹಣೆಯ ದಾರಿ ಹಿಡಿಯುವುದನ್ನು ನೋಡಿದ್ದರು. "ಎಲ್ಲಿಗಪ್ಪಾ?" ಎಂದು ಕೇಳಿದ್ದಕ್ಕೆ, "ಹೆಂಡ್ತೀನ ಕರ್ಕೊಂಡು ಬರೋಕೆ" ಎಂದು ಕೈಯೆತ್ತಿದ್ದನಂತೆ.

ಪಿಲ್‌ನ್ಯೊ ಮೆಟ್ಟು ಬಿಚ್ಚದೆಯೇ ಅಜ್ಜಿಹಣೆಯ ಕಡೆಗೆ ತಿರುಗಿ ನಡೆಯತೊಡಗಿದಳು.

ಊರಿಗೆ ಊರೇ ಅವಳ ಹಿಂದೆ ಹೋಯಿತು. ಅಂಗಡಿಯ ಒಲೆಯ ಹತ್ತಿರ ಅವಳನ್ನು ಆಡಿಕೊಂಡಿದ್ದ ದೋಣಿಯವರು ಉದ್ದನೆಯ ಗಳಗಳನ್ನು ತಂದು ಹಿಮಕ್ಕೆ ಚುಚ್ಚಿ ನೋಡಿದರು. ಪ್ಯೋ ಮಾಸ್ತರರು ಕೈಗವಸಿಲ್ಲದ ಕೈಯಲ್ಲಿ ತೋಡಿದರು, ಯಾರೋ ಎಳೆದು ನಿಲ್ಲಿಸುವವರೆಗೆ. ಆ ಕಡೆಯಿಂದ ಸೊತ್‌ಗೊಲ್‌ನವರೂ ಇಳಿದು ಬಂದರು. ಹಿಮ ಬಿದ್ದು ಗಾರೆಯಂತೆ ಗಟ್ಟಿಯಾಗಿತ್ತು, ಸಲಿಕೆ ಹೊಡೆದರೆ ಕಿಡಿ ಹಾರುವುದೊಂದು ಬಾಕಿ. ದಿನಗಟ್ಟಲೆ ಹುಡುಕಿದರು. ಆಮೇಲೆ ಮತ್ತೆ ಹಿಮ ಬಂತು.

ಚಿಲ್‌ಬೊಂಗ್ ಸಿಕ್ಕಿದ್ದು ಬೆಟ್ಟದ ಬುಡದಲ್ಲಿ ಕಾಡುಬೆಳ್ಳುಳ್ಳಿ ಚಿಗುರುವ ಹೊತ್ತಿಗೆ. ಕಲ್ಲುಕಟ್ಟೆಗೆ ಸ್ವಲ್ಪ ಈಚೆ ಇದ್ದ. ಅವನ ಮುಖ ಕಾಣುವಷ್ಟು ಹಿಮ ಕರಗಿದ ದಿನ ಮೊದಲು ನೋಡಿದವಳು ದಲ್ಲೆ. ಬೆನ್ನಿಗೆ ಕೂಸು ಕಟ್ಟಿಕೊಂಡು, ಬೇರಿನ ಪಾತಿ ಏನಾಗಿದೆಯೆಂದು ನೋಡಲು ಬಂದಿದ್ದಳು.

ಅವನು ಅಲ್ಲಿ ಏನನ್ನು ನೋಡಿದ ಎಂಬುದು ಪಿಲ್‌ನ್ಯೊಳನ್ನು ಬಹಳ ಕಾಲ ಕಾಡಿತು. ತಾನೂ ದಲ್ಲೆಯೂ ಪೆಟ್ಟಿಗೆಯಿಂದ ಮೇಲಕ್ಕೆ ಹತ್ತಿದ ಹೆಜ್ಜೆಗಳು ಆಗಿನ್ನೂ ಒಂದಿಷ್ಟಾದರೂ ಉಳಿದಿದ್ದರೆ, ಅವುಗಳ ಅಚ್ಚು ಅವನಿಗೆ ಗುರುತು ಸಿಗುತ್ತಿತ್ತು, ಅವನೇ ಹೆಣೆದ ಮೆಟ್ಟು. ಅವಳು ಹತ್ತಿಹೋಗಿದ್ದಾಳೆ, ಬದುಕಿದ್ದಾಳೆ ಎಂದು ತಿಳಿದಿರುತ್ತಿತ್ತು. ಆದರೆ ಅಂದು ಸಂಜೆಯಿಂದಲೇ ಹಿಮ ಸುರಿದಿತ್ತು. "ಎಲ್ಲಾ ಮುಚ್ಚಿಹೋಗಿರುತ್ತೆ ಅಲ್ವಾ ಮಾಸ್ತರೆ?" ಎಂದು ಒಮ್ಮೆ ಕೇಳಿದಳು. ಮಾಸ್ತರರು, "ಇಲ್ಲ ಅಕ್ಕ, ಗಟ್ಟಿ ಹೆಜ್ಜೆ ಬೇಗ ಮುಚ್ಚಲ್ಲ, ನೋಡಿರ್ತಾರೆ" ಎಂದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಮತ್ತೆ ಕೇಳಲಿಲ್ಲ.

ಬೇರೆ ಕೆಲಸ ನೋಡಿಕೋ ಎಂದು ಅಕ್ಕಂದಿರು ಹೇಳಿದರು. ಕಣವೆ ಒಣಗಿಸುವ ಕಡೆ ಕೈಗಳು ಬೇಕಾಗಿದ್ದವು. ಅವಳು ಬೇಸಿಗೆಯೆಲ್ಲ ಯೋಚಿಸಿದಳು, ಶರತ್ಕಾಲದಲ್ಲಿ ಮತ್ತೆ ಚೀಲ ಎತ್ತಿಕೊಂಡಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಅರ್ಧ ದಾರಿಯ ಏರ್ಪಾಟನ್ನು ಕಚೇರಿ ಕೈಬಿಟ್ಟಿತು. ಅವಳು ಸೊತ್‌ಗೊಲ್‌ನ ಮನೆ ಮನೆಗೆ ಹೋಗಬೇಕು, ಇಲ್ಲವೇ ಹೋಗಲೇಬಾರದು. ಸೊತ್‌ಗೊಲ್‌ನವರು ಅಜ್ಜಿಹಣೆಯಲ್ಲಿ ಔಷಧಿ ಬೇರು ಬಿತ್ತಲಿಲ್ಲ, ಸಸಿ ನೆಟ್ಟರು. ಅವು ಮೊಣಕಾಲೆತ್ತರಕ್ಕೂ ಬರುವ ಮೊದಲೇ ಮುಂದಿನ ಚಳಿಗಾಲ ಬಂತು.

ಆ ವರ್ಷವೂ ಹಡಗು ತಡವಾಯಿತು. ಬಂದಾಗ ಚೀಲಗಳು ಮತ್ತೆ ಗೋಡೆಯುದ್ದಕ್ಕೂ ಪೇರಿಸಿಕೊಂಡವು. ಸೊತ್‌ಗೊಲ್‌ನ ಪಾಲನ್ನು ಕಟ್ಟಿ ಮಾಸ್ತರರು ಮೇಜಿನ ಮೇಲಿಟ್ಟರು. ಪಿಲ್‌ನ್ಯೊ ಕಚೇರಿಯ ಹಿಂಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಳು. ಹಿಮ ದಪ್ಪ ದಪ್ಪನಾಗಿ, ಸದ್ದಿಲ್ಲದೆ ಬೀಳುತ್ತಿತ್ತು. ಬೆಟ್ಟ ಕಾಣುತ್ತಿರಲಿಲ್ಲ. ಅವಳು ತಲೆಗೆ ಸುತ್ತಿದ ಬಟ್ಟೆ ಸಡಿಲಿಸಿ ಕಿವಿ ಹೊರಗೆ ಮಾಡಿ ಬಹಳ ಹೊತ್ತು ನಿಂತಿದ್ದಳು. ಚಳಿ ಒಳಗೆ ನುಗ್ಗುತ್ತಿದ್ದರೂ ಬಾಗಿಲು ಹಾಕಿ ಎಂದು ಯಾರೂ ಹೇಳಲಿಲ್ಲ.

"ಇವತ್ತಿಲ್ಲ" ಎಂದಳು.

"ಆಯ್ತು ಅಕ್ಕ" ಎಂದರು ಮಾಸ್ತರರು. ಚೀಲವನ್ನು ಮೇಜಿನಿಂದ ಇಳಿಸಿ ಮೂಲೆಗೆ ಎಳೆದಿಟ್ಟರು.